ಹುರಿಹಿಟ್ಟಿನೊಳಗೆ ತಂಗಿಯ ಒಡವೆ

ಕೊಲಂಬೊಗೆ ಹೊರಡುವ ಹಿಂದಿನ ದಿನ ನಾನು ಮಾಡಿದ ಕೆಲಸಗಳು ಇವು. ಬಾಗಿಲಿಗೆ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟೆ. ಹಸುವನ್ನು ಪಕ್ಕದ ಮನೆಯವರ ಕೊಟ್ಟಿಗೆಗೆ ಹೊಡೆದು, ಅದು ಒದೆಯುವ ಕಾಲು ಯಾವುದೆಂದು ಅವರಿಗೆ ತೋರಿಸಿಕೊಟ್ಟೆ. ಮಕ್ಕಳಿಬ್ಬರ ಬಟ್ಟೆ ಗಂಟು ಕಟ್ಟಿ ಓರಗಿತ್ತಿಯ ಮನೆಗೆ ಬಿಟ್ಟುಬಂದೆ. ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆಗೆ ಇಲಿ ಹತ್ತದಂತೆ ಹಳೆಯ ಪಂಚೆ ಹೊದಿಸಿ ಕಟ್ಟಿದೆ. ರಾಗಿ ಅರಳು ಹುರಿದೆ, ಬೀಸಿದೆ, ಜರಡಿ ಹಿಡಿದೆ. ಬೆಲ್ಲ ಕುಟ್ಟಿದೆ. ಉಳಿದ ಮೊಸರನ್ನು ಎದುರುಮನೆಗೆ ಕೊಟ್ಟು ಪಾತ್ರೆ ತೊಳೆದು ಬೋರಲು ಹಾಕಿದೆ. ನಮ್ಮ ಯಜಮಾನರ ಬನಿಯನ್ನಿನ ಒಳಗೆ ಒಂದು ಜೇಬು ಹೊಲಿದೆ, ನನ್ನ ರವಿಕೆಯ ಒಳಗೆ ಇನ್ನೊಂದು. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯೂ ನಾನೂ ಅಡುಗೆಮನೆಯ ಬಾಗಿಲು ಹಾಕಿಕೊಂಡು, ನಮ್ಮಮ್ಮನ ಒಡವೆಯನ್ನು ಹುರಿಹಿಟ್ಟಿನ ಚೀಲದಲ್ಲಿ ಹೂತಿಟ್ಟೆವು.

ಆಗ ನಾವು ದೊಡ್ಡಬಳ್ಳಾಪುರದಲ್ಲಿದ್ದೆವು. ಮನೆಯಲ್ಲಿ ಎರಡು ಗುಂಡಿ ಮಗ್ಗ. ಯುದ್ಧ ಮುಗಿದಿತ್ತು, ರೇಷನ್ನು ಮುಗಿದಿರಲಿಲ್ಲ. ನನ್ನ ಒಬ್ಬಳೇ ತಂಗಿಯನ್ನು ಕೊಲಂಬೊದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಕೊಟ್ಟಿದ್ದೆವು. ಮದುವೆಯಾದ ವರ್ಷವೇ ಅವಳು ಗಂಡನ ಜೊತೆ ಸಮುದ್ರ ದಾಟಿ ಹೋದಳು. ಅಮ್ಮ ತೀರಿಕೊಂಡಾಗ ಅವಳಿಗೆ ಬರಲಾಗಲಿಲ್ಲ. ಅಮ್ಮನ ತಲೆಯ ಬಳಿ ಕೂತಿದ್ದವಳು ನಾನೊಬ್ಬಳೇ. ಸಾಯುವ ಎರಡು ದಿನ ಮುಂಚೆ ಅಮ್ಮ ನನ್ನ ಕೈ ಹಿಡಿದು, "ಬಳೆ, ಸರ ನಿಂಗೆ. ಅಡ್ಡಿಕೆ, ಕೆಂಪಿನೋಲೆ ಚಿಕ್ಕೋಳಿಗೆ" ಎಂದಿದ್ದಳು. ಆ ಮಾತು ಕೇಳಿಸಿಕೊಂಡದ್ದೂ ನಾನೊಬ್ಬಳೇ. ತಿಥಿಯ ದಿನವೇ ನಮ್ಮ ಚಿಕ್ಕಮ್ಮ ಎಲೆ ಹಾಸುತ್ತಾ, "ಹತ್ರ ಇದ್ದೋಳಿಗೆ ಎಲ್ಲಾ ಸಿಕ್ತು ಬಿಡಮ್ಮ. ದೂರ ಇರೋಳು ಕಾಗ್ದ ಬರ್ಕೊಂಡು ಕೂತ್ಕೋಬೇಕು" ಎಂದು ನನಗೆ ಕೇಳುವಂತೆ ಹೇಳಿದಳು. ಕೊರಳಿನ ಅಡ್ಡಿಕೆಯನ್ನೂ ಕಿವಿಯ ಓಲೆಯನ್ನೂ ಒಂದು ವರ್ಷ ಅಕ್ಕಿಯ ಗುಡಾಣದ ತಳದಲ್ಲಿಟ್ಟು ಕಾದೆ. ಹಬ್ಬಕ್ಕೂ ಹಾಕಿಕೊಳ್ಳಲಿಲ್ಲ.

ಆಮೇಲೆ ತಂಗಿಯ ಕಾಗದ ಬಂತು. ಏಳನೆಯ ತಿಂಗಳು, ಡಾಕ್ಟರು ಹಡಗು ಹತ್ತಬೇಡ ಎಂದಿದ್ದಾರೆ, ಅಲ್ಲೇ ಸೀಮಂತ ಮಾಡುತ್ತೇವೆ, ನೀನು ಬರಲೇಬೇಕು ಅಕ್ಕ ಎಂದು ಬರೆದಿದ್ದಳು. ಕೊನೆಯಲ್ಲಿ ಸಣ್ಣಕ್ಷರದಲ್ಲಿ, "ಅಮ್ಮನ ಓಲೆ ಹಾಕ್ಕೊಂಡು ಕೂತ್ಕೋಬೇಕು ಅಂತ ಆಸೆ. ತರೋಕಾಗ್ದಿದ್ರೆ ಬೇಡ" ಎಂದಿತ್ತು. ಆ "ಬೇಡ" ಎನ್ನುವ ಮಾತನ್ನು ನಾನು ಎಷ್ಟು ಸಲ ಓದಿದೆನೋ. ಒಡವೆ ದಾರಿಯಲ್ಲಿ ಹೋದರೆ ಕಳ್ಳನ ಪಾಲಾಯಿತೆಂದು ಯಾರೂ ಅನ್ನುವುದಿಲ್ಲ. ಅಕ್ಕ ನುಂಗಿದಳು ಎಂದೇ ಅನ್ನುತ್ತಾರೆ. ಬೇರೆ ಯಾರಾದರೂ ಅಂದುಕೊಳ್ಳಲಿ. ತಂಗಿ ಹಾಗೆ ಅಂದುಕೊಂಡರೆ ನಾನು ಅವಳ ಎದುರು ಹೇಗೆ ಕೂರಲಿ ಎಂಬುದೇ ನನ್ನ ಚಿಂತೆ.

ಯಜಮಾನರು ಬರುವುದೆಂದಾಯಿತು. ಅತ್ತೆ, ಬರುವಾಗ ರಾಮೇಶ್ವರ ಆಗುತ್ತದೆಂದು ತಾವೂ ಹೊರಟರು. ಹೊರಡುವ ಸುದ್ದಿ ಬೀದಿಗೆ ಬಿದ್ದದ್ದೇ ತಡ, ಬಂದವರೆಲ್ಲ ಕಳ್ಳರ ಕಥೆ ಹೇಳಿದರು. ಕಾಶಿಗೆ ಹೋಗಿಬಂದಿದ್ದ ಎದುರುಮನೆ ಅಜ್ಜಿ, ರೈಲಿನಲ್ಲಿ ಯಾರು ಏನು ಕೊಟ್ಟರೂ ತಿನ್ನಬೇಡಿ, ತಿಂದರೆ ಎದ್ದೇಳುವಾಗ ಮೈಮೇಲೆ ಸೀರೆಯೊಂದು ಉಳಿದಿರುತ್ತದೆ ಅಷ್ಟೆ ಎಂದಳು. ಟ್ರಂಕಿಗೆ ಸರಪಣಿ ಹಾಕಿ ಸೀಟಿನ ಕಾಲಿಗೆ ಬೀಗ ಹಾಕಿ ಎಂದು ಒಬ್ಬರು. ಬೀಗ ಹಾಕಿದರೆ ಒಳಗೇನೋ ಇದೆ ಎಂದು ಕೂಗಿ ಹೇಳಿದ ಹಾಗೆ ಎಂದು ಇನ್ನೊಬ್ಬರು. ಹಣವನ್ನು ಒಂದೇ ಕಡೆ ಇಡಬೇಡಿ ಎಂಬುದನ್ನು ಮಾತ್ರ ಎಲ್ಲರೂ ಒಪ್ಪಿದರು. ಹಾಗಾಗಿ ನೋಟುಗಳು ಯಜಮಾನರ ಸೊಂಟದ ಹಮ್ಮಿಣಿಯಲ್ಲಿ, ಬನಿಯನ್ನಿನ ಜೇಬಿನಲ್ಲಿ, ನನ್ನ ರವಿಕೆಯಲ್ಲಿ ಹಂಚಿಹೋದವು. ಚಿಲ್ಲರೆ ಅತ್ತೆಯ ಎಲೆಅಡಿಕೆ ಚೀಲಕ್ಕೆ ಹೋಯಿತು.

ಒಡವೆಯದೇ ಪ್ರಶ್ನೆ. ಮೈಮೇಲೆ ಹಾಕಿಕೊಂಡು ಹೋಗಬಹುದಿತ್ತು. ಆದರೆ ಅವಳ ಪಾಲಿನ ಅಡ್ಡಿಕೆಯನ್ನು ನಾನು ಕೊರಳಿಗೆ ಹಾಕಿಕೊಂಡು ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ನಿಂತರೆ ಚಿಕ್ಕಮ್ಮನ ಮಾತಿಗೆ ನಾನೇ ಸಾಕ್ಷಿ ಕೊಟ್ಟ ಹಾಗಾಗುತ್ತಿತ್ತು. ಟ್ರಂಕು ಬೇಡವೆಂದರು ಅತ್ತೆ. ಹಾಸಿಗೆ ಸುರುಳಿಯೂ ಬೇಡ, ಅದನ್ನು ಎತ್ತಿಕೊಂಡು ಹೋಗುವವರಿದ್ದಾರೆ.

"ಉರಿಟ್ಟಲ್ಲಿ ಹಾಕೇ. ಯಾವ ಕಳ್ಳ ಬಂದು ಉರಿಟ್ಟಿಗೆ ಕೈ ಹಾಕ್ತಾನೆ?" ಎಂದರು.

ನನಗೂ ಒಪ್ಪಿಗೆಯಾಯಿತು. ಹುರಿಹಿಟ್ಟೆಂದರೆ ನಮ್ಮಲ್ಲಿ ದಾರಿಯ ಬುತ್ತಿ. ಅರಳಿಸಿದ ರಾಗಿಯ ಹಿಟ್ಟು. ಬೆಲ್ಲ ನೀರು ಸೇರಿಸಿ ಕಲಸಿದರೆ ಊಟವಾಯಿತು, ಒಲೆ ಬೇಡ. ಅಡ್ಡಿಕೆಯನ್ನು ಹಳೆಯ ರೇಷ್ಮೆ ತುಂಡಿನಲ್ಲಿ ಸುತ್ತಿದೆ. ಓಲೆಗಳು ಒಂದಕ್ಕೊಂದು ತಾಗಿ ಕೆಂಪು ಕಲ್ಲು ಸಡಿಲವಾಗದಿರಲಿ ಎಂದು ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ದಾರ ಬಿಗಿದೆ. ಎರಡು ಸೇರು ಹಿಟ್ಟು ಮೂರನ್ನೂ ನುಂಗಿಕೊಂಡಿತು.

"ಇವರಿಗೆ ಹೇಳ್ಬೇಡ್ವಾ ಅತ್ತೆ?" ಎಂದೆ.

"ಅವನಿಗಾ? ರೈಲಲ್ಲಿ ಎದ್ರು ಕೂತೋರಿಗೆ ನಮ್ಮನೆ ಬೆಕ್ಕು ಎಷ್ಟು ಮರಿ ಹಾಕ್ತು ಅಂತ ಹೇಳೋ ಮಗ ಅವ್ನು. ಕೊಲಂಬೋಲಿ ಇಳಿದ್ಮೇಲೆ ಹೇಳುವಂತೆ ಬಿಡು."

ಹೀಗೆ ಹೇಳದೆ ಉಳಿಸಿಕೊಂಡೆವು. ಒಡವೆ ಎಲ್ಲಿ ಎಂದು ಅವರು ಕೇಳಿದಾಗ, ನನ್ನ ಹತ್ತಿರ ಭದ್ರವಾಗಿದೆ ಎಂದೆ. ಅವರು ಮತ್ತೆ ಕೇಳಲಿಲ್ಲ. ಕೇಳುವ ಸ್ವಭಾವವಲ್ಲ, ಹೇಳುವ ಸ್ವಭಾವ.

ಬೆಳಗಿನ ರೈಲಿಗೆ ಬೆಂಗಳೂರಿಗೆ ಬಂದು, ಮಧ್ಯಾಹ್ನದ ರೈಲು ಹಿಡಿದೆವು. ಕಿಟಕಿಯ ಪಕ್ಕ ಅತ್ತೆ, ಅವರ ಕಾಲ ಬಳಿ ಹಿಟ್ಟಿನ ಚೀಲ, ಪಕ್ಕದಲ್ಲಿ ನಾನು. ಎದುರು ಸೀಟಿನಲ್ಲಿ ಯಜಮಾನರು, ಅವರ ಪಕ್ಕ ಒಬ್ಬ ಮುದುಕಿ. ಬಿಳಿ ಕೂದಲು, ಬಣ್ಣ ಹೋದ ಕೆಂಪಂಚಿನ ಸೀರೆ, ಮಡಿಲಲ್ಲಿ ಒಂದು ಸಣ್ಣ ಗಂಟು, ಅಷ್ಟೇ ಸಾಮಾನು. ಸೇಲಂನಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಆಕೆಯೂ ನೇಯ್ಗೆಯವರ ಮನೆಯವಳೇ. ತಮಿಳು ಬೆರೆತ ಕನ್ನಡದಲ್ಲಿ ಮಾತಾಡುತ್ತಿದ್ದಳು. ರೈಲು ಕಂಟೋನ್ಮೆಂಟ್ ದಾಟುವ ಹೊತ್ತಿಗೆ ಯಜಮಾನರು ಆಕೆಗೆ ನಮ್ಮ ಊರು, ಮಗ್ಗ, ನೂಲಿಗೆ ಬಂದಿರುವ ಕಂಟ್ರೋಲು, ನಾದಿನಿಯ ಬಸಿರು ಎಲ್ಲವನ್ನೂ ಹೇಳಿ ಮುಗಿಸಿದ್ದರು. ಅತ್ತೆ ನನ್ನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದರು.

ಬೌರಿಂಗಪೇಟೆಯಲ್ಲಿ ರೈಲು ನಿಂತಿತು. ಅದರಾಚೆಗೆ ಮೈಸೂರು ಸೀಮೆ ಮುಗಿಯುತ್ತದೆ. ಖಾಕಿ ಅಂಗಿ ತೊಟ್ಟ ಇಬ್ಬರು ಬೋಗಿಯೊಳಗೆ ತಲೆ ಹಾಕಿ, "ಅಕ್ಕಿ, ರಾಗಿ, ಹಿಟ್ಟು ಏನಿದ್ರೂ ಕೆಳಗಿಳ್ಸಿ. ಗಡಿ ದಾಟಂಗಿಲ್ಲ. ನಾವೇ ಹುಡುಕಿ ತೆಗುದ್ರೆ ದಂಡ" ಎಂದು ಕೂಗಿದರು. ಪ್ಲಾಟ್‌ಫಾರಂ ಮೇಲೆ ತಕ್ಕಡಿ, ಗೋಣಿಚೀಲಗಳ ಸಾಲು. ಜನರಿಂದ ಪಡೆದ ಅಕ್ಕಿಯನ್ನೂ ಹಿಟ್ಟನ್ನೂ ಒಬ್ಬ ಆಳು ಗೋಣಿಗೆ ಸುರಿಯುತ್ತಿದ್ದ. ದವಸ ಗಡಿ ದಾಟಿಸಬಾರದೆಂಬ ಕಾನೂನು ನಮಗೆ ಗೊತ್ತಿಲ್ಲದ್ದೇನಲ್ಲ. ಕಳ್ಳರ ಯೋಚನೆಯಲ್ಲಿ ಅದು ತಲೆಗೇ ಬಂದಿರಲಿಲ್ಲ. ಕಳ್ಳ ಕೈ ಹಾಕದ ಜಾಗವೆಂದು ನಾವು ಹುಡುಕಿ ಇಟ್ಟ ಜಾಗಕ್ಕೇ ಸರ್ಕಾರದವರು ಕೈ ಹಾಕಲು ಬಂದಿದ್ದರು.

ಅತ್ತೆ ಕಾಲಿನಿಂದ ಚೀಲವನ್ನು ಸೀಟಿನ ಕೆಳಗೆ ತಳ್ಳಿ ಸೆರಗು ಇಳಿಬಿಟ್ಟರು. ಅಷ್ಟರಲ್ಲಿ ಯಜಮಾನರು ಎದ್ದರು.

"ಸ್ವಾಮಿ, ನಮ್ಮತ್ರ ಎರಡು ಸೇರು ಉರಿಟ್ಟೈತೆ. ಮುಚ್ಚಿಡೋದ್ಯಾಕೆ, ತಗೊಳ್ಳಿ" ಎಂದು ಬಗ್ಗಿ, ತಾಯಿಯ ಸೆರಗಿನ ಮರೆಯಿಂದಲೇ ಚೀಲ ಎಳೆದು, ಇಳಿದೇಬಿಟ್ಟರು.

"ಲೋ! ನಿಂತ್ಕೊಳ್ಳೋ!" ಎಂದು ಅತ್ತೆ ಅವರ ಹಿಂದೆಯೇ ಇಳಿದರು. ಅರವತ್ತು ದಾಟಿದ ಹೆಂಗಸು ಮೂರು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಇಳಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬೆಲ್ಲದ ಪೊಟ್ಟಣ, ನೀರಿನ ಚೊಂಬು, ಡಬ್ಬ ಇದ್ದ ಕೈಚೀಲ ಎತ್ತಿಕೊಂಡು ನಾನೂ ಇಳಿದೆ. ಯಾಕೆ ಅದನ್ನೇ ಎತ್ತಿಕೊಂಡೆನೋ ತಿಳಿಯದು. ಒಡವೆ ಇದೆ ಎಂದು ಬಾಯಿಬಿಟ್ಟರೆ ಇಡೀ ರೈಲು ಕೇಳುತ್ತದೆ. ಚಿನ್ನವನ್ನು ಹಿಟ್ಟಿನಲ್ಲಿ ಬಚ್ಚಿಟ್ಟುಕೊಂಡು ಹೊರಗಿನ ಸೀಮೆಗೆ ಹೊರಟವರು ನಾವೇ ಕಳ್ಳರೆನಿಸುತ್ತೇವೆ. ಬಾಯಿಬಿಡದಿದ್ದರೆ ಒಡವೆ ಗೋಣಿಗೆ ಬೀಳುತ್ತದೆ.

ಅತ್ತೆ ಚೀಲದ ಬಾಯಿ ಹಿಡಿದುಕೊಂಡು ಖಾಕಿಯವನನ್ನು ಕೇಳುತ್ತಿದ್ದರು.

"ಏನಪ್ಪಾ ನಿಮ್ಮ ರೂಲು? ಹಿಟ್ಟು ಬಿಡಲ್ಲ, ಸರಿ. ಬುತ್ತಿ?"

"ಬುತ್ತಿ ತಗೊಂಡೋಗ್ಬೋದು ಅಜ್ಜಿ. ಮಾಡಿದ ಅಡುಗೆಗೆ ಅಡ್ಡಿಯಿಲ್ಲ."

"ಹಂಗಾದ್ರೆ ಬಿಡು, ಇದು ಬುತ್ತಿ."

"ಇದು ಹಿಟ್ಟಲ್ವಾ?"

"ಯಾವೂರಪ್ಪಾ ನಿಂದು?"

"ಮಾಲೂರು ಕಡೆ."

"ಮಾಲೂರೋನಾಗಿ ಉರಿಟ್ಟು ನೋಡಿ ಹಿಟ್ಟು ಅಂತೀಯಾ? ನಿಮ್ಮವ್ವ ಉರಿಟ್ಟನ್ನ ಒಲೆ ಮೇಲೆ ಇಟ್ಟು ಬೇಯಿಸ್ತಿದ್ಲಾ? ಹುರಿದಾಗಲೇ ಬೆಂದೈತೆ ಕಣಪ್ಪಾ ಇದು."

ಸುತ್ತ ನಿಂತವರು ನಕ್ಕರು. ಅವನಿಗೂ ನಗು ಬಂತು, ಆದರೆ ಕೈ ಬಿಡಲಿಲ್ಲ. "ಉಂಡೆ ಆಗಿದ್ರೆ ಬುತ್ತಿ. ಚೀಲದಲ್ಲಿದ್ರೆ ಹಿಟ್ಟು. ನಂಗೂ ಮೇಲೆ ಕೇಳೋರವ್ರೆ ಅಜ್ಜಿ."

"ಉಂಡೆ ತಾನೆ? ಮಾಡ್ತೀನಿ ತಡಿ."

ಎಂದವರೇ ನಲ್ಲಿಯ ಪಕ್ಕ ಕೂತುಬಿಟ್ಟರು. ಯಜಮಾನರು, "ಯಾಕವ್ವ, ಎರಡು ಸೇರು ಹಿಟ್ಟಿಗೆ ಇಷ್ಟು ರಗಳೆ? ಕೊಟ್ಟುಬಿಟ್ರಾಯ್ತಪ್ಪ" ಎಂದರು. "ನೀನು ಬಾಯ್ಮುಚ್ಕೊಂಡು ಸಿಳ್ಳೆ ಹಾಕೋ ಗಾರ್ಡನ್ನ ನೋಡ್ತಾ ನಿಂತ್ಕೊ" ಎಂದರು ಅತ್ತೆ. ನಾನು ಚೀಲದ ಬಾಯನ್ನು ಅಗಲ ಮಾಡಿ ಹಿಡಿದೆ, ಬೆಲ್ಲ ಸುರಿದೆ, ಚೊಂಬಿನಿಂದ ನೀರು ಬಿಟ್ಟೆ. ಅತ್ತೆ ಜನರಿಗೆ ಬೆನ್ನು ಮಾಡಿ, ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಚೀಲದೊಳಗೇ ಕೈಯಾಡಿಸಿ ಕಲಸಿದರು. ಅವರ ಕೈ ಗಂಟನ್ನು ಮುಟ್ಟಿದಾಗಲೆಲ್ಲ ನನಗೆ ಅವರ ಮುಖದಲ್ಲಿ ತಿಳಿಯುತ್ತಿತ್ತು. ಅಡ್ಡಿಕೆಯ ಗಂಟು ದೊಡ್ಡ ಉಂಡೆಯಾಯಿತು. ಓಲೆಯ ಗಂಟುಗಳು ಉಳಿದ ಉಂಡೆಗಳಷ್ಟೇ ಗಾತ್ರದ ಎರಡು ಉಂಡೆಗಳಾದವು. ಗುರುತಿಗೆ ಆ ಎರಡರ ಮೇಲೆ ಹೆಬ್ಬೆರಳು ಒತ್ತಿ ಗುಳಿ ಮಾಡಿದ್ದನ್ನು ನಾನು ನೋಡಿಕೊಂಡೆ. ಒಟ್ಟು ಇಪ್ಪತ್ತೊಂದು ಉಂಡೆ ಡಬ್ಬಕ್ಕೆ ಹೋದವು.

ಗಾರ್ಡು ಸಿಳ್ಳೆ ಹಾಕಿದ. ಖಾಕಿಯವನು ಡಬ್ಬದೊಳಗೆ ಇಣುಕಿ, "ಹೋಗಿ ಅಜ್ಜಿ, ಗೆದ್ರಿ" ಎಂದ. ಅತ್ತೆ ಅವನಿಗೊಂದು ಉಂಡೆ ಕೊಟ್ಟರು. ಯಾವುದನ್ನು ಕೊಡಬೇಕೆಂದು ಅವರಿಗೆ ಗೊತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದು ಅತ್ತೆಯ ಜಾಣತನದ ಕಥೆಯಾಗುತ್ತಿತ್ತು. ಆದರೆ ಓಡುಗಾಲಲ್ಲಿ ಹತ್ತುವಾಗ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಡಬ್ಬ ಯಜಮಾನರ ಕೈಯಲ್ಲಿ ವಾಲಿ, ಉಂಡೆಗಳು ಸೀಟಿನ ಮೇಲೆ ಉರುಳಿದವು. ಅವರು ಒಂದೊಂದಾಗಿ ಹಿಡಿದು ಒಳಗೆ ತುಂಬಿದರು. ಹಸಿ ಉಂಡೆ; ಹಿಡಿದ ಕಡೆಯೆಲ್ಲ ಅವರ ಬೆರಳಿನ ಗುಳಿ. ದೊಡ್ಡದು ಯಾವುದೆಂದು ಕಾಣುತ್ತಿತ್ತು. ಓಲೆಯವು ಯಾವುವೆಂದು ದೇವರಿಗೇ ಗೊತ್ತು.

ಸ್ವಲ್ಪ ಹೊತ್ತಿಗೆ ಅತ್ತೆ ಆಯಾಸದಿಂದ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಯಜಮಾನರ ತೊಡೆಯ ಮೇಲೆ ಡಬ್ಬ. ಅವರಿಗೆ ಹೇಗಾದರೂ ತಿಳಿಸಬೇಕು, ಆದರೆ ಬೋಗಿಯ ತುಂಬ ಜನ, ಪಕ್ಕದಲ್ಲೇ ಆ ಮುದುಕಿ. ನಾನು ಅವರ ಕಣ್ಣನ್ನು ಹಿಡಿದು, ಡಬ್ಬದ ಕಡೆ ನೋಡಿ, ಮುದುಕಿಯ ಕಡೆ ನೋಡಿ, ಸ್ವಲ್ಪವೇ ತಲೆಯಾಡಿಸಿದೆ. ತೆಗೆಯಬೇಡಿ, ಪಕ್ಕದಲ್ಲಿ ಜನ ಇದ್ದಾರೆ ಎಂದು ನನ್ನ ಅರ್ಥ.

ಅವರ ಮುಖ ಅರಳಿತು. "ಹೌದಲ್ಲ, ನಾನು ಮರ್ತೇಬಿಟ್ಟಿದ್ದೆ ನೋಡು" ಎಂದು ಮುಚ್ಚಳ ತೆಗೆದು, "ತಗೊಳ್ಳಿ ಅಮ್ಮ, ನಮ್ಮನೆ ಉರಿಟ್ಟು. ನಮ್ಮವಳೇ ಹುರಿದಿದ್ದು" ಎಂದು ಮುದುಕಿಯ ಮುಂದೆ ಹಿಡಿದರು.

ಅವರದು ತಪ್ಪೆನ್ನಲಾರೆ. ಎದುರಿಗೆ ಒಬ್ಬರು ಕೂತಿರುವಾಗ ಬುತ್ತಿ ಬಿಚ್ಚಿದರೆ ಮೊದಲು ಅವರಿಗೆ ಕೊಡಬೇಕು. ನಮ್ಮ ಮನೆಗಳಲ್ಲಿ ಹೆಂಗಸರು ಗಂಡಸರಿಗೆ ಅದನ್ನು ನೆನಪು ಮಾಡುವುದು ಕಣ್ಣಿನಲ್ಲೇ. ಕಾಶಿಯ ಅಜ್ಜಿ, ಯಾರು ಕೊಟ್ಟರೂ ತಿನ್ನಬೇಡಿ ಎಂದಿದ್ದಳು. ಕೊಡಬೇಡಿ ಎಂದಿರಲಿಲ್ಲ.

ಮುದುಕಿ ಎರಡು ತೆಗೆದುಕೊಂಡಳು. ಒಂದನ್ನು ಅಲ್ಲೇ ಮುರಿದು ನಿಧಾನವಾಗಿ ತಿಂದಳು. ಹಲ್ಲಿಲ್ಲದ ಬಾಯಿ. ನಾನು ಅವಳ ದವಡೆಯನ್ನೇ ನೋಡುತ್ತಾ ಕೂತಿದ್ದೆ. ಅದರಲ್ಲಿ ಏನೂ ಇರಲಿಲ್ಲ. ಇನ್ನೊಂದನ್ನು ಸೆರಗಿನ ತುದಿಗೆ ಗಂಟು ಹಾಕಿ, "ಪೇತಿಗೆ ಇರಲಿ. ನಾಲ್ಕು ವಯಸ್ಸು ಅದಕ್ಕೆ" ಎಂದಳು. ಪೇತಿ ಎಂದರೆ ಮೊಮ್ಮಗಳು.

ಸೇಲಂ ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಆ ಹೊತ್ತಿನ ಉದ್ದಕ್ಕೂ ನನ್ನ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು. "ಅಮ್ಮಾ, ಆ ಉಂಡೆ ಒಂದ್ಸಲ ಕೊಡಿ, ಬೇರೆ ಕೊಡ್ತೀನಿ." ಅಷ್ಟೇ. ಜೋಲಾರಪೇಟೆಯಲ್ಲಿ ಹೇಳೋಣವೆಂದುಕೊಂಡೆ, ಆಮೇಲೆ ಮುಂದಿನ ಸ್ಟೇಷನ್ನಿನಲ್ಲಿ. ಕೊಟ್ಟ ತಿಂಡಿಯನ್ನು ವಾಪಸು ಕೇಳುವುದನ್ನು ನಾನು ಎಂದೂ ಮಾಡಿರಲಿಲ್ಲ, ಮಾಡಿದವರನ್ನು ಕಂಡೂ ಇರಲಿಲ್ಲ. ಅದರಲ್ಲಿ ಓಲೆ ಇದೆಯೆಂದು ಖಂಡಿತವೂ ಇಲ್ಲ. ಇಪ್ಪತ್ತು ಉಂಡೆಯಲ್ಲಿ ಎರಡು ಮಾತ್ರ. ಕೇಳಿ, ಮುರಿದು ನೋಡಿ, ಏನೂ ಇಲ್ಲದಿದ್ದರೆ ಆಕೆ ನಮ್ಮನ್ನು ಏನೆಂದುಕೊಂಡಾಳು? ಹೀಗೆ ಲೆಕ್ಕ ಹಾಕಿ ಹಾಕಿ ನಾಚಿಕೆಗೆ ನಾನೇ ನೆವ ಹುಡುಕಿಕೊಟ್ಟೆ. ಸೇಲಂನಲ್ಲಿ ಆಕೆ ಗಂಟು ಎತ್ತಿಕೊಂಡು, ನನ್ನ ಗಲ್ಲ ಮುಟ್ಟಿ, "ತಂಗಿಗೆ ಸುಖವಾಗಿ ಹೆರಿಗೆ ಆಗಲಿ" ಎಂದು ಹರಸಿ ಇಳಿದುಹೋದಳು.

ತಿರುಚಿಯಲ್ಲಿ ಬೆಳಗಾಯಿತು. ಮುಂದಿನ ಗಾಡಿಗೆ ಸಮಯವಿತ್ತು. ಹೆಂಗಸರ ವೆಯಿಟಿಂಗ್ ರೂಮಿನ ಮೂಲೆಯಲ್ಲಿ ಅತ್ತೆಯೂ ನಾನೂ ಪಂಚೆ ಹಾಸಿ ಉಂಡೆಗಳನ್ನು ಮುರಿದೆವು. ದೊಡ್ಡದರಲ್ಲಿ ಅಡ್ಡಿಕೆ. ಏಳನೆಯದರಲ್ಲಿ ಒಂದು ಓಲೆ. ಉಳಿದವನ್ನು ಮುರಿಯುತ್ತಾ ಹೋದಂತೆ ನಮ್ಮ ಕೈ ನಿಧಾನವಾಯಿತು. ಕೊನೆಯದನ್ನು ಅತ್ತೆ ಮುರಿಯಲಿಲ್ಲ, ನನ್ನ ಕೈಗೆ ಕೊಟ್ಟರು. ಅದೂ ಬರಿಯ ಹಿಟ್ಟು.

ಹೊರಗೆ ಬಂದು ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೆಂಚಿನ ಮೇಲೆ ಕೂತು, ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ, "ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದರು.

ಅತ್ತೆ, "ಹೇಳಿದ್ರೆ ನೀನು ಆ ಮುದುಕಿಗೇ ಮೊದಲು ಹೇಳ್ತಿದ್ದೆ" ಎಂದರು. ಆದರೆ ಆ ಮಾತಿನಲ್ಲಿ ಎಂದಿನ ಖಾರ ಇರಲಿಲ್ಲ.

"ಹೇಳ್ತಿದ್ದೆನೇನೋ. ಹೇಳಿದ್ದಿದ್ರೆ ಆಕೇನೇ ನನ್ನ ಹುಷಾರು ಮಾಡ್ತಿದ್ಲು" ಎಂದರು ಇವರು. ವಾಪಸು ಸೇಲಂಗೆ ಹೋಗಿ ಹುಡುಕುತ್ತೇನೆ ಎಂದೂ ಎದ್ದರು. ಊರು ತುಂಬ ನೇಯುವವರ ಮನೆ, ಮನೆಗೊಂದು ಮುದುಕಿ. ಎಲ್ಲಿ ಅಂತ ಹುಡುಕುವುದು? ಅಷ್ಟು ಮಾತಾಡಿದವರು ಆಕೆಯ ಮಗಳ ಬೀದಿ ಯಾವುದೆಂದು ಕೇಳಿರಲಿಲ್ಲ.

ನನಗೆ ಓಲೆಗಿಂತ ಇನ್ನೊಂದು ಚಿಂತೆ ಹಿಡಿಯಿತು. ನಾಲ್ಕು ವರ್ಷದ ಮಗು, ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿದರೆ? ಬಟ್ಟೆ ಸುತ್ತಿ ದಾರ ಬಿಗಿದಿದ್ದೇನೆ, ನುಂಗುವಷ್ಟು ಚಿಕ್ಕದಲ್ಲ, ಮುದುಕಿ ಮುರಿದೇ ಕೊಟ್ಟಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಮುರಿದಾಗ ಆಕೆಗೆ ಏನನ್ನಿಸಿತೋ. ಕೊಟ್ಟವರನ್ನು ಹುಡುಕಿದಳೋ, ದೇವರು ಕೊಟ್ಟದ್ದೆಂದು ಎತ್ತಿಟ್ಟಳೋ. ಇಂದಿಗೂ ನನಗೆ ತಿಳಿಯದು.

ಇನ್ನು ಬಚ್ಚಿಡುವುದಕ್ಕೆ ಜಾಗವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅತ್ತೆ ಅಡ್ಡಿಕೆಯನ್ನು ತೊಳೆದು ನನ್ನ ಕೊರಳಿಗೆ ಕಟ್ಟಿ ಸೆರಗು ಮುಚ್ಚಿದರು. ಒಂಟಿ ಓಲೆ ರವಿಕೆಯ ಜೇಬಿಗೆ ಹೋಯಿತು. ಮುರಿದ ಉಂಡೆಗಳೇ ಆ ದಿನದ ಊಟ. ಮಂಡಪಂನಲ್ಲಿ ಡಾಕ್ಟರು ನಾಲಿಗೆ ನೋಡಿ, ರೋಗವಿಲ್ಲ, ಹಡಗು ಹತ್ತಬಹುದು ಎಂದು ಚೀಟಿ ಕೊಟ್ಟರು. ಧನುಷ್ಕೋಡಿಯಲ್ಲಿ ಸುಂಕದವರು ಟ್ರಂಕಿನ ಬಟ್ಟೆಯನ್ನೆಲ್ಲ ತೆಗೆದು ಹಾಕಿದರು, ಹಾಸಿಗೆ ಬಿಚ್ಚಿಸಿದರು. ಹೆಂಗಸಿನ ಕೊರಳಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ. ಹಡಗಿನಲ್ಲಿ ಅತ್ತೆ ಕಣ್ಣುಮುಚ್ಚಿ ಕೂತವರು ಆ ದಡದಲ್ಲೇ ಬಿಟ್ಟದ್ದು. ಯಜಮಾನರು ಆ ದಾರಿಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಅದನ್ನು ನೋಡುವುದು ನನಗೆ ಕಷ್ಟವಾಯಿತು.

ಮಾರನೆಯ ದಿನ ಕೊಲಂಬೊ. ಅಂಗಡಿಬೀದಿಯ ಹಿಂದಿನ ಓಣಿಯಲ್ಲಿ ಮಹಡಿಯ ಮೇಲಿನ ಮನೆ. ತಂಗಿ ಮೆಟ್ಟಿಲ ತುದಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನಾಲ್ಕು ವರ್ಷದ ಮೇಲೆ ನೋಡುತ್ತಿದ್ದೆ. ಹತ್ತುವ ಭರದಲ್ಲಿ ಸೆರಗು ಜಾರಿದ್ದು ನನಗೆ ತಿಳಿಯಲಿಲ್ಲ. ಅವಳ ಕಣ್ಣು ನನ್ನ ಮುಖಕ್ಕೆ ಬಂದು, ಕೊರಳಿಗೆ ಇಳಿದು, ಅಲ್ಲೇ ನಿಂತಿತು. ಅಮ್ಮನ ಅಡ್ಡಿಕೆ, ನನ್ನ ಕೊರಳಲ್ಲಿ. ಆಮೇಲೆ "ಬಾ ಅಕ್ಕ" ಎಂದಳು.

ಕೈಕಾಲು ತೊಳೆದು ಕೂತ ಕೂಡಲೇ ಅಡ್ಡಿಕೆ ಬಿಚ್ಚಿ ಅವಳ ಮಡಿಲಿಗೆ ಹಾಕಿದೆ. ಒಂಟಿ ಓಲೆ ತೆಗೆದು ಪಕ್ಕದಲ್ಲಿಟ್ಟೆ. ಅವಳು ಇನ್ನೊಂದಕ್ಕಾಗಿ ಕೈ ಚಾಚಿಯೇ ಇದ್ದಳು. ಹುರಿಹಿಟ್ಟು, ಖಾಕಿಯವರು, ನಲ್ಲಿ, ಮುದುಕಿ, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅದು ಕಟ್ಟಿದ ಕಥೆಯಂತೆ ಕೇಳಿಸಿತು. ಅವಳು ಓಲೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ಕೇಳಿದಳು. ಕೊನೆಗೆ ಮೆಲ್ಲಗೆ, "ಹೋಗ್ಲಿ ಬಿಡಕ್ಕ. ಇನ್ನೊಂದು ನಿನ್ನ ಹತ್ರಾನೇ ಇದ್ರೂ ನಂಗೇನೂ ಬೇಜಾರಿಲ್ಲ" ಎಂದಳು.

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅದಕ್ಕೇ ಅದು ಅಷ್ಟು ಆಳಕ್ಕೆ ಹೋಯಿತು. ಒಂದು ವರ್ಷದಿಂದ ನಾನು ಹೆದರುತ್ತಿದ್ದ ಮಾತು, ಕ್ಷಮಿಸಿದ ರೂಪದಲ್ಲಿ ಬಂದಿತ್ತು. ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅವರ ತೋಳು ಹಿಡಿದರು. ಅಳು ಬರಬೇಕಿತ್ತು, ಆದರೆ ನನಗೆ ಸಿಟ್ಟೇ ಮೊದಲು ಬಂತು.

"ಅಲ್ಲ ಕಣೇ, ನುಂಗೋಳು ಎರಡೂ ನುಂಗಲ್ವೇನೇ? ಒಂದು ಓಲೆ ಇಟ್ಕೊಂಡು ನಾನೇನ್ ಮಾಡ್ಲಿ, ಒಂದೇ ಕಿವಿಗೆ ಹಾಕ್ಕೊಂಡು ತಿರುಗ್ಲಾ? ಅಡ್ಡಿಕೆ ತಂದು ಓಲೆ ಕದಿಯೋ ಕಳ್ಳಿ ಎಲ್ಲಾದ್ರೂ ಇದ್ದಾಳಾ?"

ಅವಳು ನನ್ನನ್ನು ನೋಡಿದಳು. ತುಟಿಯ ಮೂಲೆ ಅದುರಿತು. ಒಂದೇ ಕಿವಿಗೆ ಓಲೆ ಹಾಕಿಕೊಂಡ ಅಕ್ಕ ದೊಡ್ಡಬಳ್ಳಾಪುರದ ಬೀದಿಯಲ್ಲಿ ನಡೆಯುವುದು ಅವಳ ಕಣ್ಣಿಗೆ ಕಟ್ಟಿರಬೇಕು. ಮೊದಲು ಮೂಗಿನಲ್ಲಿ ನಕ್ಕಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, "ಅಯ್ಯೋ ಒದೀತೈತೆ ಅಕ್ಕ, ನಗಿಸ್ಬೇಡ" ಎಂದು ಕಣ್ಣೊರೆಸಿಕೊಂಡಳು. ನಗುವಿನ ನಡುವೆಯೇ, "ಹೋಗ್ಲಿ, ಒಂದು ಉಂಡೆನಾದ್ರೂ ಉಳಿಸಿ ತರ್ಬಾರ್ದಿತ್ತಾ? ಎಲ್ಲಾ ತಿಂದ್ಕೊಂಡ್ ಬಂದ್ರಾ?" ಎಂದು ಭಾವನನ್ನು ಕೇಳಿದಳು. "ನಾನು ಇನ್ಮೇಲೆ ಉಂಡೆ ಮುಟ್ಟಲ್ಲಮ್ಮ" ಎಂದರು ಅವರು. ತಿರುಚಿ ಬಿಟ್ಟ ಮೇಲೆ ಅವರಾಡಿದ ಮೊದಲ ಪೂರ್ತಿ ಮಾತು ಅದು.

ನಂಬಿದಳೋ, ನಗು ಬಂತೆಂದು ಬಿಟ್ಟುಬಿಟ್ಟಳೋ, ಆ ಹೊತ್ತಿಗೆ ನನಗೆ ಗೊತ್ತಾಗಲಿಲ್ಲ. ಮತ್ತೆ ಕೇಳುವುದಕ್ಕೂ ಆಗಲಿಲ್ಲ. ಎದ್ದು ಅವಳ ಅಡುಗೆಮನೆಗೆ ಹೋಗಿ, ಯಾವ ಡಬ್ಬದಲ್ಲಿ ಏನಿದೆಯೆಂದು ನೋಡಿಕೊಂಡು ಒಲೆ ಹಚ್ಚಿದೆ. ಸಂಜೆ ಅವಳ ಗಂಡ ಅಂಗಡಿಯಿಂದ ಬಂದ. ಅವನಿಗೆ ಕಥೆಯನ್ನು ಅವಳೇ ಹೇಳಿದಳು. ಒಳಗೆ ಕಾಯಿ ತುರಿಯುತ್ತಾ ನಾನು ಕೇಳಿಸಿಕೊಂಡೆ. ಮಾಲೂರಿನ ಖಾಕಿಯವನ ಮಾತನ್ನು ಅವಳು ನನಗಿಂತ ಚೆನ್ನಾಗಿ ಹೇಳಿದಳು.

ಕೆಂಪಕ್ಕಿ ಅನ್ನ, ಬೇಳೆ ಸಾರು, ಆ ಊರಿನವರು ಮಾಡುವ ಹಾಗೆ ಹಸಿ ಈರುಳ್ಳಿ ಹಾಕಿ ಕುಟ್ಟಿದ ಕಾಯಿ ಚಟ್ನಿ, ಮಜ್ಜಿಗೆ ಉಂಡೆವು. ಗಂಡಸರು ಹೊರಗಿನ ಕೋಣೆಯಲ್ಲಿ ಮಲಗಿದರು, ಹೆಂಗಸರು ಮೂವರೂ ಒಳಗೆ. ಅತ್ತೆ ನೆಲ ಇನ್ನೂ ಹಡಗಿನಂತೆ ಅಲ್ಲಾಡುತ್ತದೆಂದು ಗೋಡೆಗೆ ಒರಗಿ ಕೂತೇ ಇದ್ದರು. ತಂಗಿ ನನ್ನ ಪಕ್ಕದಲ್ಲಿ ಕಷ್ಟಪಟ್ಟು ಮಗ್ಗುಲಾಗಿ, ಸಂಜೆಯಿಂದ ಹಾಕಿಕೊಂಡಿದ್ದ ಅಡ್ಡಿಕೆಯ ಕೊಂಡಿ ಬಿಚ್ಚಿ, ಓಲೆಯನ್ನೂ ಅದರ ಜೊತೆಗೆ ಸೇರಿಸಿ ನನ್ನ ಕೈಗೆ ಹಾಕಿದಳು.

"ಮಲಗಿದ್ರೆ ಚುಚ್ಚುತ್ತೆ. ನೀನೇ ಇಟ್ಕೊಂಡಿರಕ್ಕ, ಬೆಳಿಗ್ಗೆ ಕೊಡು."

ಎಲ್ಲಿಡಲಿ ಎಂದು ನಾನು ಕೇಳುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಒಡವೆಯನ್ನು ನನ್ನ ಕೈಗೆ ಬಿಟ್ಟು, ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವಳೇ.